ಗುಡ್ಡಕ್ಕೆ ಕೇಳದ ಮಾತು

ನಮ್ಮೂರಿನಲ್ಲಿ ಕಂಡಕ್ಟರುಗಳು 'ರೈಟ್' ಎನ್ನುವಂತಿಲ್ಲ. ಬಸ್ಸಿನ ತಗಡು ತಟ್ಟಬಹುದು, ಪೀಪಿ ಊದಬಹುದು, ಡ್ರೈವರನ ಬೆನ್ನಿಗೆ ಪೆನ್ನಿನಿಂದ ತಿವಿಯಲೂಬಹುದು. ಬಾಯಿ ಬಿಟ್ಟು 'ರೈಟ್' ಎಂದರೆ ಮಾತ್ರ ಮೆಮೊ ಬರುತ್ತದೆ. ಯಾಕೆಂದರೆ ಊರಿನ ಪಡುವಣಕ್ಕಿರುವ ಗುಡ್ಡ, ಇವತ್ತು ನಾವು ಜೋರಾಗಿ ಆಡಿದ್ದನ್ನು ನಾಳೆ ಅದೇ ಹೊತ್ತಿಗೆ ವಾಪಸು ಆಡುತ್ತದೆ. ನಿನ್ನೆಯ ರೈಟಿಗೆ ಇವತ್ತಿನ ಬಸ್ಸು ಹೊರಟು, ಹತ್ತುತ್ತಿದ್ದವರು ಅರ್ಧ ಒಳಗೆ ಅರ್ಧ ಹೊರಗೆ ನೇತಾಡಿದ ಮೇಲೆ ಈ ನಿಯಮ ಬಂತಂತೆ. ಪೀಪಿ, ಹಾರ್ನು, ನಾಯಿ, ಗುಡುಗು ಇವಕ್ಕೆಲ್ಲ ಗುಡ್ಡ ಕಿವಿಗೊಡುವುದಿಲ್ಲ. ಅದಕ್ಕೆ ಬೇಕಾದದ್ದು ಮನುಷ್ಯರ ದನಿ, ಅದೂ ಬೀದಿಗೆ ಕೇಳುವಷ್ಟು ಜೋರಿನದು.

ನಾವೆಲ್ಲ ಇದಕ್ಕೆ ಒಗ್ಗಿಕೊಂಡಿದ್ದೇವೆ. ಸೊಪ್ಪಿನ ಗಾಡಿಯವಳು ದಂಟು ಎಂದು ಕೂಗುವಾಗ ಗುಡ್ಡ ನಿನ್ನೆಯ ಮೆಂತ್ಯ ಕೂಗುತ್ತಿರುತ್ತದೆ, ಹೆಂಗಸರು ಬಾಗಿಲಿಗೆ ಬಂದು, "ನೀನ್ ಹೇಳಿದ್ದಾ, ಅದ್ ಹೇಳಿದ್ದಾ?" ಎಂದು ಕೇಳಿಕೊಂಡೇ ಬುಟ್ಟಿ ಹಿಡಿಯುತ್ತಾರೆ. ಗಂಡ ಹೆಂಡತಿ ಜಗಳವಾಡುವುದಾದರೆ ಕಿಟಕಿ ಮುಚ್ಚಿ ಹಲ್ಲು ಕಚ್ಚಿಕೊಂಡು ಆಡುತ್ತಾರೆ; ಇಲ್ಲವಾದರೆ ರಾಜಿಯಾಗಿ ಎದುರುಬದುರು ಉಣ್ಣುತ್ತ ಕೂತಿರುವಾಗ ಅದೇ ಜಗಳವನ್ನು ತಲೆ ತಗ್ಗಿಸಿ ಮತ್ತೊಮ್ಮೆ ಕೇಳಬೇಕು. ನಮ್ಮ ಪಕ್ಕದ ಮನೆಯ ಮೇಷ್ಟ್ರು ತೀರಿಕೊಂಡ ಮರುದಿನ ಬೆಳಿಗ್ಗೆ ಗುಡ್ಡದಿಂದ, "ಕಾಫಿ ಆಯ್ತೇನೇ?" ಎಂದು ಅವರ ದನಿ ಬಂತು. ಅವರ ಹೆಂಡತಿ ನೆಂಟರ ನಡುವಿನಿಂದ ಎದ್ದುಹೋಗಿ, ಕಾಫಿ ಬೆರೆಸಿ ತಂದು ಮಂಚದ ಪಕ್ಕ ಇಟ್ಟರು.

ನನ್ನ ಹೆಸರು ಕರಿಬಸಪ್ಪ, ಎಲ್ಲರಿಗೂ ಬಸಣ್ಣ. ಬಸ್ ನಿಲ್ದಾಣದ ಮೇಲಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಸಾರುವುದು ನನ್ನ ಕೆಲಸ. ಇವನು ಬಸ್ಸಿಗೆ ಅಣ್ಣನಾಗುತ್ತಾನೆಂದು ನಮ್ಮಪ್ಪನಿಗೆ ನಾಮಕರಣದ ದಿನವೇ ಹೊಳೆದಿತ್ತೆಂದು ಕಾಣುತ್ತದೆ. ಕನ್ನಡ ಎಂ.ಎ. ಮಾಡಿದ್ದೇನೆ. ನಮ್ಮಜ್ಜಿ ಕೊನೆಯವರೆಗೂ ಅದನ್ನು ಎಮ್ಮೆ ಎಂದೇ ತಿಳಿದು, ಹಾಲು ಎಷ್ಟು ಕೊಡುತ್ತದೆಂದು ವಿಚಾರಿಸುತ್ತಿದ್ದಳು. ಪ್ರತಿ ಪ್ರಕಟಣೆಯನ್ನೂ ನಾನು "ಇವತ್ತು ಮಂಗಳವಾರ" ಎಂಬಂತೆ ವಾರದಿಂದ ಶುರು ಮಾಡುತ್ತೇನೆ. ಗುಡ್ಡ ಅತ್ತಲಿಂದ "ಇವತ್ತು ಸೋಮವಾರ" ಎಂದರೆ ಪ್ರಯಾಣಿಕರು ಅದನ್ನು ಬಿಟ್ಟು ನನ್ನನ್ನು ನಂಬುತ್ತಾರೆ. ಬಸ್ಸು ಬಾರದ ಹೊತ್ತಿನಲ್ಲಿ ನನಗೆ ಇನ್ನೊಂದು ಚಟ: ಮಿಮಿಕ್ರಿ. ಮ್ಯಾನೇಜರ್ ರಂಗಧಾಮಯ್ಯನವರು ಮೂಗಿನಲ್ಲಿ ಮಾತಾಡುವುದು, ಕಸ ಗುಡಿಸುವ ಸಾಕಮ್ಮ ಹಾಡಿನ ನಡುವೆ ಕೆಮ್ಮುವುದು, ಎಲ್ಲವೂ ಬರುತ್ತದೆ. ಡಿಪೋದವರೆಲ್ಲ ನನ್ನ ಬಾಯಿಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ.

ದಾಕ್ಷಾಯಿಣಿ ಕಂಡಕ್ಟರಾಗಿ ಬಂದ ದಿನವೇ ಈ ದನಿ ನನ್ನ ಮೈಕಿಗೆ ಪೈಪೋಟಿ ಎಂದು ಗೊತ್ತಾಗಿತ್ತು. ಗಂಡನಿಂದ ಬೇರೆಯಾಗಿ, ತಂಗಿಯ ಜೊತೆ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಇದ್ದಳು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವೋ ಏನೋ, "ಹಳೇಪೇಟೆ, ಹುಣಸೆಕಟ್ಟೆ, ಗಾಣದಹೊಳೇ" ಎಂದು ಕೂಗಿದರೆ ಹುಣಸೆಕಟ್ಟೆಯವರು ಅಲ್ಲಿಂದಲೇ ಎದ್ದು ನಿಲ್ಲಬೇಕು. "ಒಳಗ್ ಹೋಗಿ ಸ್ವಾಮಿ, ಬಸ್ಸಲ್ ಜಾಗ ಇದೆ, ನಿಮ್ ಮನಸಲ್ ಇಲ್ಲ ಅಷ್ಟೇ!" ಎಂದು ಅವಳು ಹೇಳಿ ನಕ್ಕದ್ದನ್ನು ಮಾರನೇ ದಿನ ಗುಡ್ಡ ಹೇಳುವಾಗ, ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವರೂ ಗೊತ್ತಿಲ್ಲದೆ ಒಂದು ಹೆಜ್ಜೆ ಒಳಕ್ಕೆ ಸರಿಯುತ್ತಿದ್ದರು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಆದರೆ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗಬೇಕಾದರೆ ಕಂಟ್ರೋಲರ್ ಇವಳ ನಡತೆ ಒಳ್ಳೆಯದು ಎನ್ನಬೇಕು.

ಆ ಕಂಟ್ರೋಲರ್ ಮಾವಿನ ಕಾಲದಲ್ಲಿ ವರ್ಗವಾಗಿ ಬಂದ ಶಾಂತಮೂರ್ತಿ. ಹೆಸರಿಟ್ಟವರಿಗೆ ನಾನು ಹೆಸರಿಡಲಾರೆ. ಮಗುವಾಗಿದ್ದಾಗ ಶಾಂತವಾಗಿಯೇ ಇದ್ದಿರಬಹುದು. ದಿನಾ ಬೆಳಿಗ್ಗೆ ಕಂಡಕ್ಟರುಗಳು ಅವನ ಕಿಂಡಿಯ ಮುಂದೆ ಸಾಲು ನಿಂತು ರೂಟು ಕೇಳಿ ಟಿಕೆಟ್ ಮಿಷನ್ ಇಸಿದುಕೊಳ್ಳಬೇಕು. ಕಿಂಡಿ ಇದ್ದದ್ದು ಸೊಂಟದೆತ್ತರಕ್ಕೆ. ಬಗ್ಗಿ, ತಲೆಯನ್ನು ಒಳಗೆ ತೂರಿಸಿ, ಕೈ ಚಾಚಬೇಕು. ಶಾಂತಮೂರ್ತಿ ನಮ್ಮೂರಿಗೆ ಹೊಸಬನಾದರೂ ಗುಡ್ಡದ ಗುಟ್ಟನ್ನು ನಮಗಿಂತ ಚೆನ್ನಾಗಿ ಅರಿತಿದ್ದ. "ಬನ್ನಿ ದಾಕ್ಷಾಯಿಣಿ ತಾಯೀ, ನಮಸ್ಕಾರ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಮಾರನೇ ದಿನ ಗುಡ್ಡವೂ "ತಾಯೀ, ನಮಸ್ಕಾರ" ಎನ್ನುತ್ತಿತ್ತು. ಹೂವಿನ ಅಂಗಡಿಯವರು, "ಎಂಥಾ ಸಂಭಾವಿತರಪ್ಪ" ಎಂದುಕೊಳ್ಳುತ್ತಿದ್ದರು.

ಒಂದು ದಿನ ಕೂತಲ್ಲೇ ನನಗೆ ಏನೋ ಖಾಲಿ ಖಾಲಿ ಅನ್ನಿಸಿತು. ಹಳೇಪೇಟೆ ಬಸ್ಸಿನ ಹೊತ್ತಾಗಿತ್ತು, ಗುಡ್ಡ ಸುಮ್ಮನಿತ್ತು. ಕೆಳಗೆ ನೋಡಿದರೆ ದಾಕ್ಷಿ ಬಾಗಿಲ ಬಳಿ ನಿಂತು, ಊರಿನ ಹೆಸರನ್ನು ಹತ್ತುವವರ ಕಿವಿಗೆ ಮಾತ್ರ ಹೇಳುತ್ತಿದ್ದಳು. ಗಂಟಲು ಕೆಟ್ಟಿದೆಯೇನೋ ಅಂದುಕೊಂಡೆ. ಊಟದ ಹೊತ್ತಿಗೆ ನೀರು ಕುಡಿಯಲು ನನ್ನ ಕೋಣೆಗೆ ಬಂದಳು. ನಗಿಸೋಣವೆಂದು ಅವಳ ದನಿಯನ್ನೇ ತೆಗೆದೆ: "ಹಳೇಪೇಟೆ, ಹುಣಸೆಕಟ್ಟೆ, ಗಾಣದಹೊಳೇ! ಒಳಗ್ ಹೋಗಿ ಸ್ವಾಮಿ!"

ಅವಳು ನಗಲಿಲ್ಲ. ಲೋಟ ಹಿಡಿದು ನಿಂತುಬಿಟ್ಟಳು. "ಹಿಂಗಿದ್ನಾ ಬಸಣ್ಣ ನಾನು?" ಎಂದಳು. ಆಮೇಲೆ ಕಣ್ಣಲ್ಲಿ ನೀರು ಬಂತು.

ಬಾಗಿಲು ಮುಂದಕ್ಕೆ ಮಾಡಿದೆ. ಅವಳು ಹೇಳಿದಳು. "ನಮಸ್ಕಾರ"ದ ಹಿಂದೆಯೇ, ತಲೆ ಕಿಂಡಿಯೊಳಗೆ ಇರುವಾಗ, ಅವನು ಉಸಿರಿನಷ್ಟೇ ದನಿಯಲ್ಲಿ ಬೇರೆ ಮಾತು ಆಡುತ್ತಿದ್ದನಂತೆ. ಅವಳ ಮೈಯ ಬಗ್ಗೆ, ಗಂಡ ಬಿಟ್ಟವಳ ರಾತ್ರಿಗಳ ಬಗ್ಗೆ. ಹೂಂ ಅಂದರೆ ಊರೊಳಗಿನ ರೂಟು, ಉಹೂಂ ಅಂದರೆ ಹೆಂಗಸರಿಗೆ ಬಚ್ಚಲೂ ಇಲ್ಲದ ಗಾಣದಹೊಳೆಯಲ್ಲಿ ನೈಟ್ ಹಾಲ್ಟು. ಉಹೂಂ ಎಂದಿದ್ದಳು. ವಾರವಿಡೀ ಗಾಣದಹೊಳೆ ಬಿದ್ದಿತ್ತು. ಜೊತೆಗೆ, ನಡತೆಯ ಬಗ್ಗೆ ತಾನು ಏನು ಬೇಕಾದರೂ ಬರೆಯಬಲ್ಲೆ ಎಂಬ ಮಾತು ಬೇರೆ.

"ಕೂಗೋಕೆ ಬಾಯಿ ತೆಗೆದ್ರೆ ಅವನ ಉಸಿರು ನೆನಪಾಗುತ್ತೆ ಬಸಣ್ಣ. ದನಿ ಒಳಕ್ಕೆ ಹೋಗ್ಬಿಡುತ್ತೆ. ಈ ತಿಂಗಳು ಮುಗಿದ ಮೇಲೆ ಬಿಟ್ಬಿಡ್ತೀನಿ. ಗಿರಣಿ ಓನರ್ ಹಿಟ್ಟು ಜರಡಿ ಹಿಡಿಯೋಕೆ ಬಾ ಅಂದಿದಾರೆ."

"ಮ್ಯಾನೇಜರ್‌ಗೆ ಹೇಳಿದ್ಯಾ?"

"ಹೇಳ್ದೆ. ಗುಡ್ಡ ಹೇಳ್ಲಿ ಅಂದ್ರು."

ಇಲ್ಲಿ ನಮ್ಮೂರಿನ ಇನ್ನೊಂದು ಪದ್ಧತಿ ಹೇಳಬೇಕು. ಯಾರು ಯಾರನ್ನು ಬೈದರು, ಯಾರು ಮೊದಲು ಶುರು ಮಾಡಿದರು ಎಂಬ ತಕರಾರು ಬಂದರೆ, ಮರುದಿನ ಅದೇ ಹೊತ್ತಿಗೆ ಎಲ್ಲರೂ ಅಂಗಳದಲ್ಲಿ ನಿಂತು ಗುಡ್ಡವನ್ನು ಕೇಳುತ್ತಾರೆ. ಗುಡ್ಡ ಹೇಳಿದರೆ ನಡೆದದ್ದು, ಹೇಳದಿದ್ದರೆ ನಡೆಯದ್ದು. ಪೊಲೀಸ್ ಠಾಣೆಯಿಂದ ಶಾಲೆಯವರೆಗೆ ಇದೇ ರೂಢಿ. ಇಷ್ಟು ಸುಲಭದ ನ್ಯಾಯ ಇನ್ಯಾವ ಊರಿಗಿದೆ ಎಂದು ನಾವು ಬೀಗುತ್ತಿದ್ದೆವು. ರಂಗಧಾಮಯ್ಯನವರು ಕೆಟ್ಟವರಲ್ಲ. ದಾಕ್ಷಿ ಹೇಳಿದ ಮರುದಿನ ಟೀ ಹಿಡಿದು ಖುದ್ದಾಗಿ ವರಾಂಡದಲ್ಲಿ ನಿಂತು ಕೇಳಿದ್ದರು. ಗುಡ್ಡ "ತಾಯೀ, ನಮಸ್ಕಾರ" ಎಂದಿತು. "ನೋಡಮ್ಮ, ನಮ್ಮ ಮನೇಲೂ ನನ್ಗೆ ಇಷ್ಟು ಮರ್ಯಾದೆ ಕೊಡಲ್ಲ" ಎಂದು ಅವರು ಮೂಗಿನಲ್ಲೇ ನಕ್ಕು ಒಳಗೆ ಹೋಗಿದ್ದರು.

ನನಗೆ ರಕ್ತ ಕುದಿಯಿತು. ರಕ್ತದ ಜೊತೆಗೆ ಒಂದು ಉಪಾಯವೂ ಕುದಿಯಿತು. ಶಾಂತಮೂರ್ತಿಯ ದನಿ ನನಗೆ ಬರುತ್ತಿತ್ತು. ಎಣ್ಣೆ ಹಚ್ಚಿದ ಹಾಗೆ ನುಣುಪು, ಕೊನೆಗೊಂದು ಸಣ್ಣ ಉಸಿರು. "ದಾಕ್ಷಿ, ಅವನು ಅಂದದ್ದನ್ನ ನನ್ಗೆ ಹೇಳು. ನೀರಿನ ಟ್ಯಾಂಕ್ ಮೇಲೆ ಹತ್ತಿ ಅವನ ದನೀಲೇ ಕೂಗ್ತೀನಿ. ನಾಳೆ ಗುಡ್ಡ ಅದನ್ನ ಊರಿಗೆಲ್ಲ ಹಂಚುತ್ತೆ. ಅವನ ಹೆಂಡ್ತಿಗೂ ಕೇಳುತ್ತೆ, ಮ್ಯಾನೇಜರ್ ಮೂಗಿಗೂ ಕೇಳುತ್ತೆ." ಹೇಳುತ್ತ ಹೇಳುತ್ತ ನನ್ನ ಜಾಣತನಕ್ಕೆ ನಾನೇ ಮಾರುಹೋದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬೇಡ."

"ಯಾಕೆ? ಸುಳ್ಳೇನಲ್ಲವಲ್ಲ, ಅವನು ಅಂದದ್ದೇ ತಾನೆ?"

"ಅವನು ಅಂದದ್ದನ್ನ ನೀವು ಅಂದ್ರೆ ಸುಳ್ಳಾಗುತ್ತೆ ಬಸಣ್ಣ. ಆಮೇಲೆ ನಾನು ಹೇಳೋ ನಿಜಾನೂ ನಿಮ್ಮ ಮಿಮಿಕ್ರಿ ಅಂತಾರೆ. ಅದೂ ಅಲ್ದೆ, ನನ್ನ ಬಗ್ಗೆ ಅಂಥಾ ಮಾತನ್ನ ಊರ ಮಕ್ಕಳೆಲ್ಲ ಹಲ್ಲುಜ್ಜೋ ಹೊತ್ತಿಗೆ ಕೇಳ್ಬೇಕಾ? ಒಬ್ಬ ಕಿವೀಲಿ ಅಂದದ್ದೇ ಸಾಕಾಗಿದೆ." ಲೋಟವನ್ನು ಮೇಜಿನ ಮೇಲಿಟ್ಟು ಹೇಳಿದಳು, "ನನಗೆ ಅವನ ದನಿ ಬೇಡ ಅಣ್ಣ. ನಂದು ಬೇಕು."

"ಹಾಗಾದ್ರೆ ನಾನೇನ್ ಮಾಡ್ಲಿ?" ಎಂದೆ.

"ಹಸೀನಾ ಆಪಾ ಹತ್ರ ಹೋಗ್ತೀನಿ. ಜೊತೆಗ್ ಬನ್ನಿ. ಸುಮ್ನೆ ಕೂತಿರಿ." ನನ್ನನ್ನು ಒಂದು ಸಲ ನೋಡಿ, "ಆಗುತ್ತಾ?" ಎಂದು ಸೇರಿಸಿದಳು. ಅಷ್ಟು ಅಳುವಿನ ನಡುವೆಯೂ ಅವಳ ತುಟಿಯ ಕೊನೆಯಲ್ಲಿ ನಗು ಇತ್ತು.

ಹಸೀನಾ ಬೇಗಂ ಡಿಪೋದ ಸ್ಟೋರ್ಸಿನವರು, ನಮಗೆಲ್ಲ ಆಪಾ, ಅಂದರೆ ಅಕ್ಕ. ಟೈರು, ಟ್ಯೂಬು, ವೈಪರ್ ಬ್ಲೇಡು ಕೊಡುವುದು ಅವರ ಕೆಲಸ. ಅದರ ಜೊತೆಗೆ ಹೆಂಗಸರ ದೂರು ಕೇಳುವ ಸಮಿತಿಗೂ ಅವರೇ ಅಧ್ಯಕ್ಷೆ. ಗೋಡೆಯ ಮೇಲೆ ಬೋರ್ಡು ಇತ್ತು, ಬೋರ್ಡಿನ ಮೇಲೆ ಧೂಳಿತ್ತು. ಸಮಿತಿ ಒಮ್ಮೆಯೂ ಸೇರಿರಲಿಲ್ಲ. ಗುಡ್ಡವಿರುವಾಗ ಸಮಿತಿಗೆ ಏನು ಕೆಲಸ? ಸಮಿತಿ ತನ್ನ ಮಿತಿಯಲ್ಲಿತ್ತು ಎಂದು ನಾನೇ ಒಮ್ಮೆ ನಗೆಯಾಡಿದ್ದೆ.

ಆಪಾ ಟೈರಿನ ರಾಶಿಯ ಪಕ್ಕ ಎರಡು ಸ್ಟೂಲು ಎಳೆದರು. ಬಾಗಿಲು ಹಾಕಿದರು. ದಾಕ್ಷಿ ನಡುಗುವ ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ನನಗೆ ಹೇಳದಿದ್ದ ಮಾತುಗಳನ್ನೂ ಹೇಳಿದಳು. ನಾನು ಟೈರಿನ ಗೆರೆ ನೋಡುತ್ತ ಕೂತೆ. ಆಪಾ ನಡುವೆ ಬಾಯಿ ಹಾಕಲಿಲ್ಲ, ನೀನೇನು ಮಾಡಿದ್ದೆ, ಯಾಕೆ ಮಾಡಿದ್ದೆ ಎಂದು ಕೇಳಲಿಲ್ಲ. ಮುಗಿದ ಮೇಲೆ ದಾಕ್ಷಿಯೇ ಅಂದಳು, "ಗುಡ್ಡ ಏನೂ ಹೇಳಿಲ್ಲ ಆಪಾ. ಸಾಕ್ಷಿ ಇಲ್ಲ."

"ಗುಡ್ಡಕ್ಕೆ ಕೇಳಿಸಿದ್ದನ್ನ ಕೇಳೋಕೆ ಸಮಿತಿ ಯಾಕೆ ಬೇಟಾ? ಗುಡ್ಡಕ್ಕೆ ಕೇಳಿಸದ್ದನ್ನ ಕೇಳೋಕೆ ಸಮಿತಿ ಇರೋದು. ನಾವು ಇಷ್ಟು ವರ್ಷ ಅದನ್ನೇ ಮರೆತು ಕೂತಿದ್ವಿ" ಎಂದು ಹಸೀನಾ ಆಪಾ ಎದ್ದು ಬೋರ್ಡಿನ ಧೂಳನ್ನು ವೇಸ್ಟ್ ಬಟ್ಟೆಯಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಬಸಣ್ಣ, ಎಷ್ಟು ಹೊತ್ತಿಂದ ಸುಮ್ನಿದೀಯ, ಆಶ್ಚರ್ಯ. ಈಗ ಬಾಯಿ ಬಿಡು. ದಿನವಿಡೀ ಗುಡ್ಡ ಕೇಳೋನು ನೀನು. ಇವಳ ದನಿ ಅಲ್ಲಿಂದ ಯಾವಾಗ ನಿಂತೋಯ್ತು?"

ಕಣ್ಣು ಮುಚ್ಚಿದೆ. ನಾನು ದನಿಗಳನ್ನು ಕೂಡಿಟ್ಟುಕೊಂಡವನು, ಇಲ್ಲವಾದ ದನಿಯನ್ನು ಯಾವತ್ತೂ ಲೆಕ್ಕ ಹಿಡಿದವನಲ್ಲ. ಆದರೆ ಕೇಳಿದೊಡನೆ ಉತ್ತರ ಬಂತು. "ಶಾಂತಮೂರ್ತಿ ಕಿಂಡೀಲಿ ಕೂತ ವಾರದಿಂದ ಕಮ್ಮಿ ಆಗ್ತಾ ಬಂತು ಆಪಾ. ಈಗ ಪೂರ್ತಿ ಇಲ್ಲ." ಹೇಳುತ್ತಿದ್ದಂತೆ ಇನ್ನೊಂದು ಹೊಳೆಯಿತು. "ಸಾಕಮ್ಮನ ಹಾಡೂ ಇಲ್ಲ."

ಸಾಕಮ್ಮ ಬೆಳಗಾಗುತ್ತಲೇ ಕಂಟ್ರೋಲರನ ಕೋಣೆಯಿಂದ ಗುಡಿಸಲು ಶುರು ಮಾಡುವವಳು. ಪೊರಕೆಯ ಜೊತೆಗೆ ಹಾಡು, ಹಾಡಿನ ನಡುವೆ ಕೆಮ್ಮು. ಗುಡ್ಡ ಕೆಮ್ಮನ್ನೂ ಬಿಡದೆ ಹೇಳುತ್ತಿತ್ತು. ಎಷ್ಟೋ ದಿನದಿಂದ ಬೆಳಗಿನ ಗುಡ್ಡದಲ್ಲಿ ಆ ಕೆಮ್ಮಿರಲಿಲ್ಲ, ನಾವು ಯಾರೂ ಯಾಕೆಂದು ಕೇಳಿರಲಿಲ್ಲ.

ವಿಚಾರಣೆ ವಿಶ್ರಾಂತಿ ಕೊಠಡಿಯಲ್ಲಿ ನಡೆಯಿತು. ಹಸೀನಾ ಆಪಾ, ಹೊರಗಿನಿಂದ ಬಂದ ಒಬ್ಬ ವಕೀಲೆ, ರಂಗಧಾಮಯ್ಯನವರು ಮೇಜಿನ ಆಚೆ. ದಾಕ್ಷಿ ಈಚೆ, ಪಕ್ಕದಲ್ಲಿ ನಾನು. ಶಾಂತಮೂರ್ತಿ ಇಸ್ತ್ರಿ ಶರ್ಟು ತೊಟ್ಟು, ಕೈ ಕಟ್ಟಿ, ಮದುಮಗನ ಹಾಗೆ ಕೂತಿದ್ದ. ದಾಕ್ಷಿಯ ದೂರನ್ನು ಆಪಾ ಓದಿ ಮುಗಿಸಿದ ಮೇಲೆ ಅವನು ನುಣ್ಣಗೆ ಶುರು ಮಾಡಿದ.

"ನಾನು ತಾಯಿ ಅಂತ ಕರೀತೀನಿ. ಇಡೀ ಊರು ಕೇಳಿದೆ. ಈಯಮ್ಮಂಗೆ ದೂರದ ರೂಟು ಇಷ್ಟ ಇಲ್ಲ, ಅದಕ್ಕೆ ಕತೆ. ನಾಳೆ ಗುಡ್ಡ ನನ್ನ ದನೀಲಿ ಏನಾದ್ರೂ ಕೆಟ್ಟ ಮಾತು ಹೇಳಿದ್ರೆ, ಅದು ನಾನಲ್ಲ ಸಾರ್, ಈ ಮೈಕಾಸುರ." ನನ್ನತ್ತ ಬೆರಳು ಮಾಡಿದ. "ಮಿಮಿಕ್ರಿ ಮಾಡೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬಂದಿದಾರಲ್ಲ, ಗೊತ್ತಾಗಲ್ವಾ?"

ನನ್ನ ನಾಲಿಗೆಯ ತುದಿಗೆ ಅವನದೇ ದನಿ ಬಂದು ಕೂತಿತ್ತು. ಒಂದು ವಾಕ್ಯ ಸಾಕಿತ್ತು, ಕೋಣೆ ನಗುತ್ತಿತ್ತು. ದಾಕ್ಷಿ ಮೇಜಿನ ಕೆಳಗೆ ನನ್ನ ಕಾಲಿನ ಮೇಲೆ ಕಾಲಿಟ್ಟಳು. ಕಂಡಕ್ಟರ್ ಚಪ್ಪಲಿ, ಒಳ್ಳೆ ಭಾರ. ನಾನು ನುಂಗಿಕೊಂಡೆ. ಟ್ಯಾಂಕ್ ಹತ್ತಿದ್ದರೆ ಈ ಕೋಣೆಯಲ್ಲಿ ಅವಳ ಗತಿ ಏನಾಗುತ್ತಿತ್ತೆಂದು ಆಗ ಅರ್ಥವಾಯಿತು.

ಹಸೀನಾ ಆಪಾ ಕನ್ನಡಕ ತೆಗೆದರು. "ಶಾಂತಮೂರ್ತಿಯವ್ರೇ, ಗುಡ್ಡ ನಿಮ್ಮ ದನೀಲಿ ಇವತ್ತಿನವರೆಗೂ ಒಂದೂ ಕೆಟ್ಟ ಮಾತು ಆಡಿಲ್ಲ. ಆಡದೇ ಇರೋ ಮಾತಿಗೆ ಇವತ್ತೇ ಸಮಜಾಯಿಷಿ ಯಾಕೆ ಕೊಡ್ತಿದೀರ? ಯಾವ ಮಾತು ಬರ್ಬಹುದು ಅಂತ ನಿಮಗೆ ಭಯ?"

ಅವನ ಕಟ್ಟಿದ ಕೈ ಬಿಚ್ಚಿತು. "ಅಲ್ಲ, ಗುಡ್ಡ..."

"ಗುಡ್ಡಾನ ನಾವೂ ಕೇಳಿದೀವಿ. ಏನು ಹೇಳುತ್ತೆ ಅಂತ ಅಷ್ಟೇ ಅಲ್ಲ, ಯಾರ ದನಿ ಇಲ್ಲ ಅಂತಾನೂ ಕೇಳಿದೀವಿ."

ಹಳೇಪೇಟೆ ಬಸ್ಸಿನ ಡ್ರೈವರ್ ಪಾಪಣ್ಣನನ್ನು ಕರೆದರು. "ಮೊದ್ಲು ಈಯಮ್ಮ ಕೂಗಿದ್ರೆ ನನ್ ಕಾಲು ತಾನಾಗೇ ಬ್ರೇಕಿಗೆ ಹೋಗ್ತಿತ್ತು ಮೇಡಂ. ಈಗ ಸ್ಟಾಪ್ ದಾಟಿದ್ಮೇಲೆ ಬಂದು ಬೆನ್ನು ಮುಟ್ತಾರೆ. ಕಿಂಡಿ ಹತ್ರ ಹೋಗಿ ಬಂದ ಮೇಲೆ ಅರ್ಧ ದಾರಿವರೆಗೂ ಒಂದ್ ಟಿಕೆಟ್ಟೂ ಹರಿಯಲ್ಲ, ಬಾಗಿಲ ಕಂಬಿ ಹಿಡ್ಕೊಂಡು ನಿಂತಿರ್ತಾರೆ. ಏನಾಯ್ತು ಅಂತ ನಾನೂ ಕೇಳ್ಲಿಲ್ಲ" ಎಂದು ಅವನು ಟೋಪಿ ತಿರುಗಿಸುತ್ತ ನಿಂತ.

ಆಮೇಲೆ ಸಾಕಮ್ಮ ಬಂದಳು. ಆಪಾ ಅವಳನ್ನು ಮೊದಲೇ ಮಾತಾಡಿಸಿದ್ದರು, ಬಾ ಎಂದು ಬಲವಂತ ಮಾಡಿರಲಿಲ್ಲ. ಪೊರಕೆಯನ್ನು ಹೊಸ್ತಿಲಾಚೆ ಒರಗಿಸಿ ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ಶಾಂತಮೂರ್ತಿಯನ್ನು ನೆಟ್ಟಗೆ ನೋಡಿದಳು. "ನನ್ಗೂ ಅಂದವ್ನೆ. ಅಜ್ಜಿ ವಯಸ್ಸಿನೋಳು ಅಂತಾನೂ ನೋಡ್ಲಿಲ್ಲ. ಯಾರು ನಂಬ್ತಾರೆ ಅಂತ ಬಾಯ್ ಮುಚ್ಕೊಂಡೆ. ಈ ಮಗ ಬಾಯ್ ಬಿಟ್ಟದೆ, ನಾನ್ಯಾಕೆ ಮುಚ್ಕೊಂಡಿರ್ಲಿ?" ಎಂದವಳು ಕೆಮ್ಮಿದಳು. ಆ ಕೆಮ್ಮು ಕೇಳಿ ನನಗೆ ಆದ ಸಂತೋಷವನ್ನು ಹೇಳಲಾರೆ.

"ಎಲ್ಲಾ ಸುಳ್ಳು!" ಶಾಂತಮೂರ್ತಿ ಎದ್ದು ನಿಂತ. ನುಣುಪು ಹೋಗಿತ್ತು. "ಅಂಥಾ ಮಾತು ನಾನಂದಿದ್ರೆ, ಎಲ್ಲಿ, ಇವಳೇ ಈಗ ಎಲ್ಲರೆದುರು ಜೋರಾಗಿ ಹೇಳ್ಲಿ ನೋಡೋಣ! ಗುಡ್ಡಕ್ಕೂ ಕೇಳ್ಲಿ!"

ದಾಕ್ಷಿಯೂ ಎದ್ದಳು. "ಹೇಳೋರಿಗೆ ಹೇಳಿದೀನಿ, ಬಾಗಿಲು ಹಾಕ್ಕೊಂಡು ಕೂತು ಕೇಳಿದಾರೆ. ನಿಮ್ಮ ಮಾತನ್ನ ನಾನ್ಯಾಕೆ ಕೂಗ್ಬೇಕು ಸಾರ್? ನನ್ನ ಗಂಟಲು ಇರೋದು ಅದಕ್ಕಲ್ಲ." ದನಿ ನಡುಗಲಿಲ್ಲ. ಜೋರೂ ಇರಲಿಲ್ಲ. ಆದರೆ ಅದು ಅವಳದೇ ದನಿಯಾಗಿತ್ತು, ಕಿಟಕಿಯ ಸರಳು ಹಿಡಿದು ನಿಂತಿದ್ದ ಕಂಡಕ್ಟರುಗಳ ಗುಂಪಿಗೂ ನೆಟ್ಟಗೆ ತಲುಪಿತು.

ಶಾಂತಮೂರ್ತಿಯನ್ನು ಆ ಸಂಜೆಯೇ ಕಿಂಡಿಯಿಂದ ಎಬ್ಬಿಸಿದರು. ಮಿಕ್ಕ ವಿಚಾರಣೆ ಮುಗಿದ ಮೇಲೆ ಕೆಲಸದಿಂದಲೂ ತೆಗೆದರು. ದಾಕ್ಷಿ ಖಾಯಂ ಆದಳು. ರಂಗಧಾಮಯ್ಯನವರು ಅಂಗಳದ ನಡುವೆ ನಿಂತು, "ತಪ್ಪಾಯ್ತಮ್ಮ, ನಾನು ನಿನ್ನ ಮಾತು ಕೇಳ್ಬೇಕಿತ್ತು, ಗುಡ್ಡದ್ದಲ್ಲ" ಎಂದು ಬೇಕೆಂದೇ ಜೋರಾಗಿ ಹೇಳಿದರು. ಮಾರನೇ ದಿನ ಗುಡ್ಡ ಅದನ್ನು ಮೂಗಿನ ಸಮೇತ ಹೇಳಿತು; ನನ್ನ ಮಿಮಿಕ್ರಿಯೇ ಎಂದು ಕೆಲವರು ಇವತ್ತಿಗೂ ನಂಬಿದ್ದಾರೆ. ಕಿಂಡಿಯ ಗೋಡೆಯನ್ನು ಒಡೆದು, ನಿಂತು ಮಾತಾಡುವ ಎತ್ತರಕ್ಕೆ ಅಗಲವಾದ ಕೌಂಟರು ಕಟ್ಟಿಸಿದರು. ಈಗ ಯಾರೂ ಬಗ್ಗುವ ಹಾಗಿಲ್ಲ.

ಹೊಸ ಕೌಂಟರಿನ ಮೊದಲ ದಿನ ದಾಕ್ಷಿ ನೆಟ್ಟಗೆ ನಿಂತು ಮಿಷನ್ ಇಸಿದುಕೊಂಡು, ಹಳೇಪೇಟೆ ಬಸ್ಸಿನ ಮೆಟ್ಟಿಲು ಹತ್ತಿದಳು. ನಾನು ಮೇಲಿನ ಕೋಣೆಯ ಕಿಟಕಿಯಲ್ಲಿದ್ದೆ. ಬಸ್ಸು ತುಂಬಿತು. ಅವಳು ತಗಡು ತಟ್ಟಲಿಲ್ಲ, ಪೀಪಿ ಊದಲಿಲ್ಲ. ಬಾಗಿಲಿನಿಂದ ಹೊರಗೆ ವಾಲಿ, ಎದೆ ತುಂಬ ಉಸಿರೆಳೆದು, ನಿಲ್ದಾಣದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದುಹೋಗುವ ಹಾಗೆ ಕೂಗಿದಳು: "ರೈಟ್! ರೈಟ್!"

ಪಾಪಣ್ಣ ಗಾಬರಿಯಾಗಿ ಹೊರಟೇಬಿಟ್ಟ. ಮೆಮೊ ಬರೆಯಬೇಕಾದ ರಂಗಧಾಮಯ್ಯನವರು ವರಾಂಡದಲ್ಲಿ ಟೀ ಹಿಡಿದು ನಿಂತಿದ್ದರು. ಅವರು ಪೆನ್ನು ಹುಡುಕುವವರ ಹಾಗೆ ಜೇಬು ತಡವುತ್ತ, ತಡವುತ್ತ, ಒಳಗೆ ಹೋಗಿಬಿಟ್ಟರು.

ಮಾರನೇ ದಿನ ಆ ಹೊತ್ತಿಗೆ ನಿಲ್ದಾಣದಲ್ಲಿ ಎಲ್ಲ ಬಸ್ಸುಗಳೂ ನಿಂತಿದ್ದವು. ಮೊದಲು ಸಾಕಮ್ಮನ ಹಾಡು ಬಂತು, ಕೆಮ್ಮಿನ ಸಮೇತ. ಅದರ ಹಿಂದೆಯೇ ಪಡುವಣದಿಂದ ದಾಕ್ಷಿಯ ದನಿ ಉರುಳಿಕೊಂಡು ಬಂತು: "ರೈಟ್! ರೈಟ್!" ಇದ್ದಬದ್ದ ಬಸ್ಸುಗಳೆಲ್ಲ ಒಂದೇ ಸಲ ಗುರುಗುಟ್ಟಿ ಹೊರಟವು. ಒಬ್ಬನೇ ಪ್ರಯಾಣಿಕನಿದ್ದದ್ದು, ಯಾರೂ ಇಲ್ಲದ್ದು, ಕಂಡಕ್ಟರನೇ ಇಲ್ಲದ್ದು. ಜನ ಚೀಲ ಹಿಡಿದು ಹಿಂದೆ ಓಡಿದರು, ಕಡಲೆಕಾಯಿ ಮಾರುವವನು ತಪ್ಪಿ ಗಾಣದಹೊಳೆ ಬಸ್ಸಿನಲ್ಲಿ ಹೋಗಿಬಿಟ್ಟ, ಮತ್ತು ಎಲ್ಲರೂ ನನ್ನ ಕಿಟಕಿಯ ಕಡೆ ನೋಡಿ, "ಬಸಣ್ಣಾ, ಏನೋ ಇದು? ಹೇಳೋ ಮೈಕಲ್ಲಿ, ನಿಲ್ಸೋ!" ಎಂದು ಕೂಗಿದರು.

ಮೈಕಿನ ಗುಂಡಿ ಒತ್ತಿದೆ. ಯಾರ ದನಿಯನ್ನೂ ತೆಗೆಯದೆ, ಅಪರೂಪಕ್ಕೆ ನನ್ನದೇ ದನಿಯಲ್ಲಿ ಹೇಳಿದೆ: "ಇವತ್ತು ಗುರುವಾರ. ಪ್ರಯಾಣಿಕರ ಗಮನಕ್ಕೆ. ಈಗ ಕೇಳಿದ್ದು ನಿನ್ನೆಯ ರೈಟು. ಕೂಗಿದವರು ನಮ್ಮ ದಾಕ್ಷಾಯಿಣಿ. ಬಸ್ಸುಗಳು ಒಂದು ಸುತ್ತು ಹೋಗಿ ಬರಲಿ, ಪರವಾಗಿಲ್ಲ."